ಏಳು ಕಿಲೋ, ಮ್ಯಾಲೊಂದು ಉಡಿ

ಚಿತ್ತಾಪುರದ ಸಾಯಬಣ್ಣನ ಮನೆಗೆ ತೂಕದ ಮಾತು ಹೊಸದೇನಲ್ಲ. ಸಾಯಬಣ್ಣ ಮೂವತ್ತು ವರ್ಷ ಅಡತಿ ಅಂಗಡಿಯಲ್ಲಿ ತೊಗರಿ ಚೀಲ ತೂಗಿ ತೂಗಿ ಬೆನ್ನು ಬಾಗಿಸಿಕೊಂಡವನು. ಮಗ ಶಾಂತಕುಮಾರ ವಾಡಿ ಹತ್ತಿರದ ಸಿಮೆಂಟ್ ಕಾರ್ಖಾನೆಯೊಂದರ ಲಾರಿ ತೂಗುವ ಕಾಟಾದಲ್ಲಿ ಕುಳಿತು, ಒಳಗೆ ಬಂದ ಲಾರಿ ಎಷ್ಟು, ಹೊರಗೆ ಹೋದ ಲಾರಿ ಎಷ್ಟು ಎಂದು ಚೀಟಿ ಹರಿಯುವವನು. ಟನ್ನುಗಟ್ಟಲೆ ತೂಗಿದ ಇಂಥ ಮನೆಯ ನೆಮ್ಮದಿಯನ್ನು ಬರೀ ಏಳು ಕಿಲೋ ಮೂರು ವಾರ ತಿಂದುಹಾಕಿತೆಂದರೆ ನಂಬುತ್ತೀರಾ? ನಂಬಲೇಬೇಕು. ಯಾಕೆಂದರೆ ಆ ಏಳು ಕಿಲೋ ಸಾಯಬಣ್ಣನ ಹೆಂಡತಿ ಶಿವಕಾಂತಮ್ಮನ ಪಾಲಿಗೆ ಬಂದಿತ್ತು, ಶಿವಕಾಂತಮ್ಮನೋ ಜೀವಮಾನದಲ್ಲಿ ಯಾರಿಗೂ ಏನನ್ನೂ ತೂಗಿ ಕೊಟ್ಟವಳಲ್ಲ.

ಆದದ್ದು ಇಷ್ಟು. ಮಗಳು ನಾಗರತ್ನಾ ಗಂಡನ ಬ್ಯಾಂಕಿನ ವರ್ಗಾವಣೆಯ ಹಿಂದೆ ಭುವನೇಶ್ವರಕ್ಕೆ ಹೋಗಿದ್ದಳು. ಈಗ ಏಳು ತಿಂಗಳ ಬಸುರಿ. ಸೀಮಂತದ ಕುಬಸ ತವರಲ್ಲೇ ಆಗಬೇಕು, ಹಸಿರು ಸೀರೆ ಉಡಿಸಿ, ಹಸಿರು ಬಳೆ ತೊಡಿಸಿ, ಉಡಿ ತುಂಬಿ ಕಳಿಸಬೇಕು ಎಂದು ಶಿವಕಾಂತಮ್ಮ ಬೆರಳು ಮಡಚಿ ದಿನ ಎಣಿಸುತ್ತಿದ್ದಳು. ಅಷ್ಟರಲ್ಲಿ ಡಾಕ್ಟರು ನಾಗರತ್ನಾ ಮನೆ ಬಿಟ್ಟು ಎಲ್ಲಿಗೂ ಹೋಗಬಾರದೆಂದರು. ಶಿವಕಾಂತಮ್ಮ ಎರಡು ದಿನ ಸೆರಗಿನಲ್ಲಿ ಕಣ್ಣೊರೆಸಿದಳು. ಮೂರನೆಯ ದಿನ ಸೆರಗನ್ನು ಸೊಂಟಕ್ಕೆ ಸಿಕ್ಕಿಸಿದಳು.

"ಮಗಳು ತವರಿಗಿ ಬರಲಿಕ್ಕೆ ಆಗಂಗಿಲ್ಲಂದ್ರ, ತವರೇ ಮಗಳ ಕಡಿ ಹೋಗ್ತದ. ಟಿಕೆಟ್ ತೆಗಸ್ರಿ."

ರೈಲು ಒಂದು ತಿಂಗಳು ಪೂರಾ ತುಂಬಿತ್ತು. ಅಷ್ಟು ಕಾದರೆ ಏಳನೆಯ ತಿಂಗಳು ಮುಗಿದುಹೋಗುತ್ತಿತ್ತು. ಆಗ ಅಳಿಯ ಉದಯಕುಮಾರನೇ ಹೈದರಾಬಾದಿನಿಂದ ಭುವನೇಶ್ವರಕ್ಕೆ ವಿಮಾನದ ಟಿಕೆಟ್ ತೆಗೆಸಿ ಶಾಂತಕುಮಾರನ ಮೊಬೈಲಿಗೆ ಕಳಿಸಿದ. ಶಿವಕಾಂತಮ್ಮ ಆ ಸಂಜೆಯೇ ಓಣಿಯ ಎಂಟು ಮನೆಗೆ ಹೋಗಿ, "ನಮ್ಮ ಅಳಿಯಂದ್ರು ನನಗ ಇಮಾನ ಹತ್ತಸ್ಲಿಕತ್ತಾರ" ಎಂದು ಹೇಳಿ ಬಂದಳು. ಮರುದಿನ ಸೊಸೆ ಜಗದೇವಿ ಟಿಕೆಟಿನ ಸಣ್ಣ ಅಕ್ಷರಗಳನ್ನೆಲ್ಲ ಓದಿದಳು.

ಜಗದೇವಿ ತೆಂಗಳಿಯವಳು, ಬಿ.ಎ. ಓದಿದವಳು. ಯಾವ ಕಾಗದ ಕೈಗೆ ಬಂದರೂ ಕೊನೆಯ ಸಾಲಿನವರೆಗೆ ಓದುವ ಚಟ. ಅತ್ತೆಗೆ ಅವಳ ಈ ಗುಣ ಅಷ್ಟಕ್ಕಷ್ಟೇ.

"ಅತ್ತಿ, ಇದರಾಗ ಕೈಚೀಲ ಅಷ್ಟೇ ಅದರಿ."

"ಅಂದ್ರ?"

"ಒಂದು ಬ್ಯಾಗು, ಏಳು ಕಿಲೋ ಮೀರಬಾರ್ದು. ಅದು ತಲಿ ಮ್ಯಾಲಿನ ಖಾನಿಯೊಳಗ ಹಿಡೀಬೇಕು. ಮತ್ತ ಒಂದು ಪರ್ಸನಲ್ ಐಟಂ. ಸಣ್ಣ ಚೀಲ ಇಲ್ಲಂದ್ರ ಹೆಣ್ಮಕ್ಕಳ ಪರ್ಸು, ಮೂರು ಕಿಲೋತನ. ಅದು ಮುಂದಿನ ಕುರ್ಚಿ ಕೆಳಗ ಹಿಡೀಬೇಕು."

"ಅದಾತು. ದೊಡ್ಡ ಬ್ಯಾಗು?"

"ದೊಡ್ಡ ಬ್ಯಾಗು ಇಲ್ರಿ. ಅದಕ್ಕ ಬ್ಯಾರೆ ರೊಕ್ಕ ಕಟ್ಟಬೇಕಿತ್ತು, ನಾಗರತ್ನಾನ ಮನಿಯವ್ರು ಕಟ್ಟಿಲ್ಲ. ಸಸ್ತಾದ ಟಿಕೆಟ್ ಅದ ಇದು."

ಜೋಳದ ಹಿಟ್ಟು ನಾದುತ್ತಿದ್ದ ಶಿವಕಾಂತಮ್ಮನ ಕೈ ನಿಂತಿತು. ಅಡುಗೆಮನೆಯಲ್ಲಿ ಆಗಲೇ ಐವತ್ತು ಕಡಕ್ ರೊಟ್ಟಿ ಬುಟ್ಟಿ ಸೇರಿದ್ದವು. ಶೇಂಗಾದ ಚಟ್ನಿಪುಡಿ, ಅದೇ ಹಿಂಡಿ, ಕುಟ್ಟಿ ಡಬ್ಬಿ ತುಂಬಿದ್ದಾಗಿತ್ತು. ಐದು ಕಿಲೋ ತೊಗರಿಬೇಳೆ, ಮಾವಿನ ಉಪ್ಪಿನಕಾಯಿ, ಮನೆಯಲ್ಲೇ ಕಾಯಿಸಿದ ತುಪ್ಪ, ಇಳಕಲ್ ಸೀರೆ, ಖಣ, ಮೊಮ್ಮಗುವಿಗೆಂದು ಹೊಲಿದ ನಾಲ್ಕು ಕುಂಚಿಗೆ, ಎರಡು ಕೌದಿ, ಎಲ್ಲ ಸಾಲಾಗಿ ಪಡಸಾಲೆಯಲ್ಲಿ ಕುಳಿತಿದ್ದವು.

"ಕೂಸು ಹುಟ್ಟೂಕಿಂತ ಮೊದಲ ಕುಲಾಯಿ ಹೊಲಿಸಿದ್ರಂತ," ಎಂದು ಸಾಯಬಣ್ಣ ಕುಂಚಿಗೆಯೊಂದನ್ನು ಎತ್ತಿ ನೋಡಿ ನಕ್ಕ.

"ನೀವು ಸುಮ್ ಕುಂದ್ರಿ. ಮೊದಲ ಅಳಿಯಗ ಫೋನ್ ಹಚ್ಚಿ ದೊಡ್ಡ ಬ್ಯಾಗಿಂದು ಹೇಳ್ರಿ."

ಸಾಯಬಣ್ಣನ ನಗು ಅಲ್ಲೇ ಇಂಗಿತು. "ನಾನಾ? ಅವ ಪ್ರೀತಿಲೇ ಕಳಿಸಿದ ಟಿಕೆಟ್. 'ಸಸ್ತಾದ್ದು ತೆಗೆಸೀಯಲ್ಲಪ್ಪಾ' ಅಂತ ಮಾವ ಆದವ ಹೆಂಗ ಅನ್ನಬೇಕು? ಶಾಂತ್ಯಾ, ನೀ ಹೇಳು."

"ನಾ ಯಾಕ ಹೇಳ್ಲಿ? ಸುಮ್ಮ ನಾವೇ ರೊಕ್ಕ ಕಟ್ಟಿ ಬ್ಯಾಗ್ ಸೇರಸ್ತೀನಿ ತಡೀರಿ." ಶಾಂತಕುಮಾರ ಮೊಬೈಲು ಒತ್ತಿದ, ಮತ್ತೆ ಒತ್ತಿದ, ಆಮೇಲೆ ಕೆಳಗಿಟ್ಟ. "ಆಗಂಗಿಲ್ಲ. ಕಂಪನಿಯವ್ರು ಓಟಿಪಿ ನಂಬರ್ ಕಳಸೋದು ಅವನ ಫೋನಿಗೇ. ಅವಗ ತಿಳದೇ ತಿಳೀತದ."

ಬೆಕ್ಕಿನ ಕೊರಳಿಗೆ ಗಂಟೆ ಕಟ್ಟುವವರು ಯಾರೂ ಮುಂದೆ ಬರಲಿಲ್ಲ. ಅಳಿಯನ ಮರ್ಯಾದೆ ಉಳಿಯಿತು, ಐದು ಕಿಲೋ ತೊಗರಿಬೇಳೆ ಡಬ್ಬಕ್ಕೆ ವಾಪಸ್ ಹೋಯಿತು.

"ಇನ್ನೊಂದು ದಾರಿ ಅದರಿ," ಎಂದಳು ಜಗದೇವಿ. "ಬಳಿ ತೊಡಿಸೋ ಜಾನಬಿ ಚಾಚಿ ಮಗ ದಸ್ತಗೀರ ರೈಲಿನಾಗ ಹಾಸಿಗಿ ಕೊಡೋ ಕೆಲಸ ಮಾಡ್ತಾನ. ವಾಡಿಯಿಂದ ಭುವನೇಶ್ವರಕ್ಕೇ ಹೋಗ್ತದ ಅವನ ಗಾಡಿ. ಅವನ ಕೈಯಾಗ ಕೊಟ್ರ..."

"ಬ್ಯಾಡ. ದಸ್ತಗೀರ ನನ್ನ ಮಡಿಲಾಗ ಆಡಿದ ಹುಡುಗ, ಖರೇ. ಆದ್ರ ಕುಬಸದ ಸಾಮಾನು ತಾಯಿ ಕೈಲೇ ಹೋಗಬೇಕು. ಹಾಸಿಗಿ ಗಂಟಿನ ಜೋಡಿ ಹೋಗಂಗಿಲ್ಲ."

ಮಾತು ಮುಗಿಯಿತು.

ರವಿವಾರ ಶಾಂತಕುಮಾರ ತನ್ನ ವಿದ್ಯೆ ತೋರಿಸಿದ. ಓಣಿಯ ತುದಿಯ ರಮೇಶಕುಮಾರನ ಕಿರಾಣಿ ಅಂಗಡಿಯ ಎಲೆಕ್ಟ್ರಾನಿಕ್ ಕಾಟಾದ ಮೇಲೆ ಮನೆಯ ಗಾಲಿ ಸೂಟ್‌ಕೇಸನ್ನು ಖಾಲಿಯೇ ಇಟ್ಟ. ಮೂರು ಕಿಲೋ ಇನ್ನೂರು ಗ್ರಾಂ.

"ನೋಡವ್ವಾ, ಖಾಲಿ ಲಾರಿದೇ ಇಷ್ಟು ತೂಕ. ಇನ್ನ ಮಾಲು ಎಷ್ಟು ಹೇರ್ತಿ? ಗಾಲಿ, ಹಿಡಿಕಿ ಎಲ್ಲಾ ನಿನ್ನ ಏಳು ಕಿಲೋದಾಗೇ ಬರ್ತಾವ."

"ಗಾಲಿ ಏನು ನಾ ತಿನ್ನೂದದೇನೋ? ಅವನ್ನ ಯಾಕ ತೂಗ್ತಾರ?"

ಜಗದೇವಿ ತನ್ನ ಕಾಲೇಜಿನ ದಿನದ ಬೆನ್ನಿಗೆ ಹಾಕುವ ಬಟ್ಟೆಯ ಚೀಲ ತಂದಳು. ನಾನೂರು ಗ್ರಾಂ. ಟೇಲರ್ ಟೇಪು ಹಿಡಿದು ಉದ್ದ ಅಗಲ ಅಳೆದು, ಸರಿಯಾಗಿ ಹಿಡಿಯುತ್ತದೆ ಎಂದಳು. ಶಿವಕಾಂತಮ್ಮ ಆ ಚೀಲವನ್ನು ಸತ್ತ ಇಲಿ ಹಿಡಿದಂತೆ ಎರಡು ಬೆರಳಲ್ಲಿ ಹಿಡಿದಳು.

"ಈ ವಯಸ್ಸಿನಾಗ ಸಾಲಿ ಹುಡುಗ್ಯಾರಂಗ ಬೆನ್ನಿಗಿ ಚೀಲ ಹಾಕ್ಕೊಂಡು ಅಳಿಯನ ಮನಿಗಿ ಹೋಗ್ಲಾ?"

"ಎರಡು ಕಿಲೋ ಎಂಟ್ನೂರು ಗ್ರಾಂ ಉಳೀತದರಿ ಅತ್ತಿ. ಇಪ್ಪತ್ತು ಶೇಂಗಾ ಹೋಳಿಗಿ ಹಿಡೀತಾವ."

ಹೋಳಿಗೆಯ ಮಾತು ಬಂದ ಮೇಲೆ ಶಿವಕಾಂತಮ್ಮ ಚೀಲವನ್ನು ಐದೂ ಬೆರಳಲ್ಲಿ ಹಿಡಿದಳು. ಅಂಗಡಿಯ ಗಿರಾಕಿಗಳೆಲ್ಲ ಸುತ್ತ ನಿಂತು ನೋಡುತ್ತಿದ್ದರು. ರಮೇಶಕುಮಾರ ಬೆಲ್ಲ ತೂಗುವುದು ಬಿಟ್ಟು, "ಕೌದಿ ಒಂದೇ ಒಯ್ರಿ ಕಾಕಿ, ಅಲ್ಲೇನು ಛಳಿ ಇರಂಗಿಲ್ಲ" ಎಂದು ಸಲಹೆ ಕೊಟ್ಟ.

ಅಲ್ಲಿಂದ ದಿನಾ ಊಟದ ಹೊತ್ತಿಗೆ ಒಂದೊಂದು ಸಾಮಾನಿನ ಪಂಚಾಯಿತಿ. ಜಗದೇವಿ ತಾಟಿಗೆ ರೊಟ್ಟಿ ಹಾಕುತ್ತ ನಿಯಮ ಹೇಳುವಳು. ಹಿಂಡಿಯೊಳಗೆ ಖಾರದ ಪುಡಿ ಇದೆ, ಕೈಚೀಲದಲ್ಲಿ ಬಿಡುವುದಿಲ್ಲ. ಉಪ್ಪಿನಕಾಯಿ ಬಿಡುವುದಿಲ್ಲ. ತುಪ್ಪವೂ ನೀರಿನ ಲೆಕ್ಕದಲ್ಲೇ ಬರುತ್ತದೆ, ನೂರು ಎಂ.ಎಲ್. ಮೀರುವಂತಿಲ್ಲ. ಕತ್ತರಿ ಬೇಡ. ಬದನೆಕಾಯಿ ಪಲ್ಯಕ್ಕೆ ರೊಟ್ಟಿ ಅದ್ದುತ್ತ ಸಾಯಬಣ್ಣ ಪ್ರತಿಯೊಂದಕ್ಕೂ "ಹೌದೇನು?" ಎನ್ನುವನು, ಶಿವಕಾಂತಮ್ಮ ಪ್ರತಿಯೊಂದಕ್ಕೂ "ಇವ್ರಪ್ಪನ ಮನಿ ಗಂಟೇನು ಹೋಗ್ತದ?" ಎನ್ನುವಳು. ಬಿಡದ ಉಪ್ಪಿನಕಾಯಿಯನ್ನು ಶಾಂತಕುಮಾರ ಒಂದು ಕಡೆಯಿಂದ ತಿಂದು ಖಾಲಿ ಮಾಡುತ್ತಿದ್ದ. ಆ ಮನೆಯಲ್ಲಿ ನಿಯಮದಿಂದ ಲಾಭವಾದದ್ದು ಅವನೊಬ್ಬನಿಗೇ.

ಹೊರಡಲು ಹನ್ನೆರಡು ದಿನ ಇರುವಾಗ ಕೊಬ್ಬರಿಯ ಮಾತು ಬಂತು. ಶಿವಕಾಂತಮ್ಮ ಮನಸ್ಸಿನಲ್ಲೇ ಒಂದು ಏರ್ಪಾಟು ಮಾಡಿಕೊಂಡಿದ್ದಳು. ತವರಿನ ಉಡಿ ತೆಗೆದುಕೊಳ್ಳಲು ನಾಗರತ್ನಾ ಬರಲಾರಳು. ಹಾಗಾಗಿ ಅವಳ ಪರವಾಗಿ ಓಣಿಯ ಐದು ಜನ ಮುತ್ತೈದೆಯರಿಂದ ತನ್ನ ಉಡಿಯನ್ನೇ ತುಂಬಿಸಿಕೊಂಡು, ನೆಲಕ್ಕೆ ಇಡದೆ, ಮಗಳ ಮಡಿಲಿಗೆ ಸುರಿಯುವುದು. ಅಕ್ಕಿ, ಅರಿಷಿಣದ ಬೇರು, ಅಡಿಕೆ, ಉತ್ತತ್ತಿ, ಐದು ಕೊಬ್ಬರಿ ಬಟ್ಟಲು. ಇದಕ್ಕೆ ಯಾರ ಅಪ್ಪಣೆಯೂ ಬೇಕಿಲ್ಲ ಎಂದು ಅವಳ ಎಣಿಕೆ. ಬಜಾರದಿಂದ ತರಿಸಿದ ಕೊಬ್ಬರಿ ಬಟ್ಟಲುಗಳನ್ನು ಒರೆಸಿಡುತ್ತಿದ್ದಾಗ ಜಗದೇವಿ ನೋಡಿದಳು.

"ಅತ್ತಿ, ಒಣ ಕೊಬ್ಬರಿ ಇಮಾನದಾಗ ಬಿಡಂಗಿಲ್ರಿ. ಬ್ಯಾಗಿನಾಗೂ ಇಲ್ಲ, ಕೈಯಾಗೂ ಇಲ್ಲ. ಎಣ್ಣಿ ಇರ್ತದಂತ, ಬೆಂಕಿ ಹತ್ತತದಂತ."

"ಕೊಬ್ಬರಿಗಿ ಬೆಂಕಿ? ನಲವತ್ತು ವರ್ಷ ಒಲಿ ಮುಂದ ಕೂತೀನಿ, ಒಂದು ಕೊಬ್ಬರಿ ತಾನಾಗೇ ಉರದದ್ದು ನಾ ಕಂಡಿಲ್ಲ."

"ನಿಯಮದಾಗ ಬರದಾರ್ರಿ."

"ಬರೀಲಿ. ಇದು ಬ್ಯಾಗಿನಾಗ ಇಡೂದಲ್ಲ. ಉಡಿ ಇದು, ಉಡಿ! ಉಡಿ ಅಂದ್ರ ಲಗೇಜೇನು? ಯಾವ ಗಂಡಸರು ಹೆಣ್ಮಗಳ ಉಡಿಗಿ ಕೈ ಹಾಕ್ತಾರ?"

"ಹೆಣ್ಮಕ್ಕಳೇ ತಪಾಸ ಮಾಡ್ತಾರ್ರಿ ಅಲ್ಲಿ. ಕೊಬ್ಬರಿ ಒಂದು ಬಿಟ್ಟು..."

"ಏ, ಸಾಕು ಮಾಡು!" ಶಿವಕಾಂತಮ್ಮನ ಧ್ವನಿ ಏರಿತು. ಎಂಟೊಂಬತ್ತು ದಿನದ ಬೇಡ-ಬೇಡಗಳೆಲ್ಲ ಒಮ್ಮೆಲೇ ನಾಲಿಗೆಗೆ ಬಂದವು. "ಹಿಂಡಿ ಬ್ಯಾಡಂದಿ, ತುಪ್ಪ ಬ್ಯಾಡಂದಿ, ಈಗ ಉಡೀನೂ ಬ್ಯಾಡಂತಿ. ತವರಿನ ಉಡಿ ಬೆಲಿ ನಿನಗೇನು ಗೊತ್ತು?"

ಜಗದೇವಿ ಎದ್ದು ಹಿತ್ತಲಿಗೆ ಹೋಗಿ, ಆಗಲೇ ತೊಳೆದಿದ್ದ ಪಾತ್ರೆಗಳನ್ನು ಇನ್ನೊಮ್ಮೆ ತೊಳೆಯತೊಡಗಿದಳು. ಅವಳ ತಾಯಿ ತೀರಿ ನಾಲ್ಕು ವರ್ಷವಾಗಿತ್ತು. ಅಂದಿನಿಂದ ತೆಂಗಳಿಯ ಅಣ್ಣಂದಿರು ಪಂಚಮಿಗೂ ಕರೆದಿರಲಿಲ್ಲ, ದೀಪಾವಳಿಗೂ ಕರೆದಿರಲಿಲ್ಲ. ನಾಲ್ಕು ವರ್ಷದಿಂದ ಅವಳ ಉಡಿಯನ್ನು ತವರಿನವರು ಯಾರೂ ತುಂಬಿರಲಿಲ್ಲ.

ಶಿವಕಾಂತಮ್ಮನಿಗೆ ಅದು ನೆನಪಾದದ್ದು ಮಾತು ಬಾಯಿಂದ ಹಾರಿದ ಮೇಲೆ. ತಪ್ಪಾಯಿತು ಎಂದು ಚುರುಕೆಂದಿತು. ಆದರೆ ಸೊಸೆಯ ಮುಂದೆ ಹೋಗಿ ಹಾಗೆನ್ನುವ ರೂಢಿ ಇರಲಿಲ್ಲವಲ್ಲ! ರಾತ್ರಿ ಊಟಕ್ಕೆ ಅವಳ ತಾಟಿಗೆ ಒಂದು ಚಮಚ ತುಪ್ಪ ಹೆಚ್ಚು ಹಾಕಿದಳು. ಜಗದೇವಿ ತಲೆ ಎತ್ತದೆ ಉಂಡಳು. ಆಮೇಲೆ ಮನೆಯಲ್ಲಿ ಕೊಬ್ಬರಿಯ ಸುದ್ದಿ ಯಾರೂ ತೆಗೆಯಲಿಲ್ಲ.

ಹೊರಡುವ ಮುಂಜಾನೆ ಬಳೆಗಾರ್ತಿ ಜಾನಬಿ ಎಲ್ಲರಿಗಿಂತ ಮೊದಲು ಬಂದಳು. ನಾಗರತ್ನಾಳ ಕೈಗೆ ಮೊದಲ ಬಳೆ ತೊಡಿಸಿದವಳೇ ಅವಳು. ಎರಡು ಡಜನ್ ಹಸಿರು ಬಳೆಗಳನ್ನು ಹತ್ತಿಯಲ್ಲಿ ಸುತ್ತಿ ತಂದಿದ್ದಳು.

"ನಾನೇ ತೊಡಿಸಬೇಕಿತ್ತು ನೋಡವ್ವಾ. ನಿನ್ನ ಕೈ ಬಿರುಸು. ಜರಾ ಹಗೂರಕ ತೊಡಸು, ಕೂಸಿಗಿ ನೋವಾಗಬಾರ್ದು."

"ಇಪ್ಪತ್ತಾರು ವರ್ಷದ ಕತ್ತೆ ಅದು, ಕೂಸಂತ ಕೂಸು," ಎಂದಳು ಶಿವಕಾಂತಮ್ಮ. ಕಣ್ಣು ಮಾತ್ರ ತುಂಬಿ ಬಂದಿತ್ತು.

ಐದು ಜನ ಬಂದರು, ಐದು ಜನ ತುಂಬಿದರು. ಜಗದೇವಿ ಕುಂಕುಮದ ತಟ್ಟೆ ಹಿಡಿದು ಒಬ್ಬೊಬ್ಬರ ಮುಂದೆ ಸರಿದಳು. ನಡುವೆ ಜಾನಬಿ ಅವಳ ಕಿವಿಯಲ್ಲಿ ಏನೋ ಅಂದಳು, ಇಬ್ಬರೂ ನಕ್ಕರು. ತನ್ನನ್ನೇ ಆಡಿಕೊಳ್ಳುತ್ತಿದ್ದಾರೆ ಎಂದು ಶಿವಕಾಂತಮ್ಮನಿಗೆ ಅನಿಸಿತು. ಆದರೆ ಉಡಿ ತುಂಬಿಸಿಕೊಳ್ಳುವಾಗ ಸಿಟ್ಟಾಗಬಾರದೆಂದು ಸುಮ್ಮನಿದ್ದಳು.

ಬೆನ್ನಿಗೆ ಕಾಲೇಜಿನ ಚೀಲ, ಆರು ಕಿಲೋ ಒಂಬೈನೂರು ಗ್ರಾಂ. ಹೆಗಲಿಗೆ ಪರ್ಸನಲ್ ಐಟಂ, ಅಂದರೆ ಕೆಂಪು ಬಟ್ಟೆಯ ಕೈಚೀಲ. ಅದರಲ್ಲಿ ಬಳೆ, ಗುಳಿಗೆ, ವಿಭೂತಿ, ಆಧಾರ್ ಕಾರ್ಡು. ಹೊಟ್ಟೆಯ ಮೇಲೆ ಸೆರಗಿನಲ್ಲಿ ಕಟ್ಟಿದ ಉಡಿ. ರೈಲಿನಲ್ಲಿ ಎದುರಿಗೆ ಕುಳಿತ ಮುದುಕಿಯೊಬ್ಬಳು ಆ ಉಬ್ಬನ್ನೂ ಶಿವಕಾಂತಮ್ಮನ ನರೆಗೂದಲನ್ನೂ ಸೇಡಮ್ ದಾಟುವವರೆಗೆ ತಿರುತಿರುಗಿ ನೋಡಿದಳು. ಕೊನೆಗೆ ತಡೆಯಲಾರದೆ, "ಎಷ್ಟು ತಿಂಗಳವ್ವಾ?" ಎಂದು ಕೇಳಿಯೇಬಿಟ್ಟಳು. ಶಾಂತಕುಮಾರ ಕಿಟಕಿಯ ಕಡೆ ಮುಖ ತಿರುಗಿಸಿ ಭುಜ ಕುಣಿಸುತ್ತ ನಕ್ಕ.

ವಿಮಾನ ನಿಲ್ದಾಣದ ಬಾಗಿಲವರೆಗೆ ಮಗ, ಅಲ್ಲಿಂದ ಮುಂದೆ ಅವಳೊಬ್ಬಳೇ. ಕೌಂಟರಿನ ಹುಡುಗಿ ಬೆನ್ನಿನ ಚೀಲವನ್ನು ತೂಕಕ್ಕಿಟ್ಟು, "ಕರೆಕ್ಟ್ ಹೈ ಅಮ್ಮಾ" ಎಂದಳು. ಶಿವಕಾಂತಮ್ಮನಿಗೆ ಪರೀಕ್ಷೆ ಪಾಸಾದಷ್ಟು ಖುಷಿಯಾಯಿತು. ಮುಂದೆ ತಪಾಸಣೆಯ ಸಾಲು. ಎರಡೂ ಚೀಲ ತಟ್ಟೆಯಲ್ಲಿ ಕುಳಿತು ಯಂತ್ರದೊಳಗೆ ಹೋಗಿ ಆ ಕಡೆ ಬಂದವು. ಶಿವಕಾಂತಮ್ಮ ಪರದೆಯ ಹಿಂದೆ ಹೋದಳು. ಖಾಕಿ ಹಾಕಿದ ಹೆಣ್ಣುಮಗಳು ಕೈಯಾಡಿಸಿದವಳೇ ಹೊಟ್ಟೆಯ ಹತ್ತಿರ ನಿಂತಳು.

"ಯೇ ಕ್ಯಾ ಹೈ, ಅಮ್ಮಾ?"

"ಉಡಿ ಹೈ ಬೇಟಿ. ಬೇಟೀಕು ಲೇಕೇ ಜಾರೂಂ," ಎಂದು ಶಿವಕಾಂತಮ್ಮ ಬಜಾರದ ಹಿಂದಿಯಲ್ಲಿ ಹೇಳಿ ಸೆರಗು ಬಿಚ್ಚಿ ತೋರಿಸಿದಳು. ಅಕ್ಕಿ ನೋಡಿ ಆಕೆ ತಲೆಯಾಡಿಸಿದಳು. ಅರಿಷಿಣಕ್ಕೂ ಉತ್ತತ್ತಿಗೂ ತಲೆಯಾಡಿಸಿದಳು. ಕೊಬ್ಬರಿ ಬಟ್ಟಲು ಕಂಡೊಡನೆ ತಲೆ ನಿಂತಿತು. ಇದು ಹೋಗುವುದಿಲ್ಲ, ಎಣ್ಣೆ ಇರುತ್ತದೆ, ಅಲ್ಲಿರುವ ಡಬ್ಬಿಯಲ್ಲಿ ಹಾಕಿಬಿಡಿ ಎಂದಳು.

ಡಬ್ಬಿ ಎಂದರೆ ಕಸದ ಡಬ್ಬಿ. ಅದರೊಳಗೆ ಲೈಟರು, ನೀರಿನ ಬಾಟಲಿ, ಯಾರದೋ ಕತ್ತರಿ. ಉಡಿಯನ್ನು ಕಸಕ್ಕೆ ಹಾಕುವುದೇ? ಅದೂ ಬಸುರಿ ಮಗಳ ಉಡಿ! ಶಿವಕಾಂತಮ್ಮ ಬೇಡಿಕೊಂಡಳು, ಗದರಿದಳು, ಕೊನೆಗೆ ಒಂದು ಬದಿಗೆ ಹೋಗಿ ನಿಂತುಬಿಟ್ಟಳು. ಗೋಡೆಯ ಮೇಲೆ ಅವಳ ವಿಮಾನದ ನಂಬರು ಮಿಣುಕುತ್ತಿತ್ತು. ಖಾಕಿಯ ಹೆಣ್ಣುಮಗಳು ಗಡಿಯಾರ ತೋರಿಸಿದಳು. ಶಿವಕಾಂತಮ್ಮ ಚೀಲದಿಂದ ಮೊಬೈಲು ತೆಗೆದಳು. ಗಂಡನಿಗೆ ಹಚ್ಚಲಿಲ್ಲ, ಹೊರಗಿದ್ದ ಮಗನಿಗೂ ಹಚ್ಚಲಿಲ್ಲ. ಮನೆಯಲ್ಲಿದ್ದ ಸೊಸೆಗೆ ಹಚ್ಚಿದಳು.

"ಜಗದೇವೀ, ಕೊಬ್ಬರಿ ಬಿಡವಲ್ರು ಬೇ. ಕಸದಾಗ ಹಾಕಂತಾರ. ಏನ್ ಮಾಡ್ಲಿ?"

'ನಾ ಮೊದಲೇ ಹೇಳಿದ್ದೆ' ಎಂಬ ಮಾತಿಗಾಗಿ ಅವಳು ಕಿವಿ ಗಟ್ಟಿ ಮಾಡಿಕೊಂಡು ನಿಂತಿದ್ದಳು. ಜಗದೇವಿ ಆ ಮಾತನ್ನು ಆಡಲೇ ಇಲ್ಲ.

"ಅಳಬ್ಯಾಡ್ರಿ ಅತ್ತಿ. ಅಕ್ಕಿ ಬಿಟ್ಟಾರಲ್ರಿ?"

"ಹ್ಞೂಂ."

"ಅರಿಷಿಣ ಬೇರು?"

"ಅದೂ ಬಿಟ್ಟಾರ."

"ಮತ್ತೇನ್ರಿ? ನೆಲಕ್ಕ ಬಿದ್ದಿಲ್ಲ, ಕಸಕ್ಕ ಹೋಗಿಲ್ಲ. ಐದೂ ಬಟ್ಟಲ ಒಡದು ಒಂದೊಂದು ತುಣುಕು ನೀವು ಬಾಯಾಗ ಹಾಕ್ಕೋರಿ. ಉಳದದ್ದು ಅಲ್ಲಿದ್ದ ಹೆಣ್ಮಕ್ಕಳಿಗಿ ಹಂಚ್ರಿ. ಹೊಟ್ಟ್ಯಾಗಿಂದು ಯಾರೂ ಲಗೇಜ್ ಅನ್ನಂಗಿಲ್ರಿ."

ಶಿವಕಾಂತಮ್ಮನಿಗೆ ಅಳುವಿನ ನಡುವೆಯೇ ನಗು ಬಂತು. ಒಡೆಯುವುದಾದರೂ ಹೇಗೆ? ಯಂತ್ರದ ಕಬ್ಬಿಣದ ಅಂಚಿಗೆ ಕುಟ್ಟಲು ಹೋದಳು. "ಅದರ ಮೇಲಲ್ಲ!" ಎಂದು ನಾಲ್ಕು ಜನ ಒಟ್ಟಿಗೆ ಕೂಗಿದರು. ಸಾಲಿನಲ್ಲಿದ್ದ ದಪ್ಪನೆಯ ತೆಲುಗು ಹೆಂಗಸೊಬ್ಬಳು ವಿಷಯ ತಿಳಿದವಳೇ ಬಟ್ಟಲನ್ನು ಇಸಿದುಕೊಂಡು ಮೊಣಕಾಲಿಗೆ ಒತ್ತಿ ಲಟಕ್ಕನೆ ಮುರಿದಳು. ಐದನ್ನೂ ಮುರಿದು, ಬಸುರಿ ಮಗಳಿಗೆ ಗಂಡು ಹುಟ್ಟಲಿ, ಇಲ್ಲವೇ ನಿನ್ನಂಥ ಗಟ್ಟಿ ಹೆಣ್ಣು ಹುಟ್ಟಲಿ ಎಂದು ಹರಸಿದಳು. ಒಂದು ಕ್ಷಣದಲ್ಲಿ ಹತ್ತು ಹದಿನೈದು ಬಾಯಿಗಳು ಕೊಬ್ಬರಿ ಅಗಿಯುತ್ತಿದ್ದವು. ಖಾಕಿಯ ಹೆಣ್ಣುಮಗಳ ಕೈಗೂ ಶಿವಕಾಂತಮ್ಮ ಒಂದು ತುಣುಕು ಇಟ್ಟಳು. ಡ್ಯೂಟಿಯಲ್ಲಿ ತಿನ್ನುವಂತಿಲ್ಲ ಎಂದಳು ಆಕೆ. ಆಮೇಲೆ ಅತ್ತಿತ್ತ ನೋಡಿ ಕಣ್ಣಿಗೊತ್ತಿಕೊಂಡು ಬಾಯಿಗೆ ಹಾಕಿಕೊಂಡಳು.

ವಿಮಾನದಲ್ಲಿ ಬೆನ್ನಿನ ಚೀಲ ತಲೆಯ ಮೇಲೆ ಹೋಯಿತು, ಕೆಂಪು ಚೀಲ ಮುಂದಿನ ಕುರ್ಚಿಯ ಕೆಳಗೆ ಹೋಯಿತು. ಜಗದೇವಿ ಟೇಪು ಹಿಡಿದು ಅಳೆದಂತೆಯೇ ಎರಡೂ ಹಿಡಿದವು. ಉಡಿಯ ಮೇಲೆ ಬೆಲ್ಟು ಬಿಗಿದುಕೊಂಡು ಶಿವಕಾಂತಮ್ಮ ಮೋಡ ನೋಡಿದಳು. ನೋಡಬೇಕಾದಷ್ಟು ಖುಷಿಯಿಂದ ನೋಡಲಾಗಲಿಲ್ಲ. ಮಗಳ ಉಡಿಗೆ ಕೊಬ್ಬರಿ ಇಲ್ಲದಂತಾಯಿತಲ್ಲ ಎಂಬ ಕೊರಗು ಭುವನೇಶ್ವರ ಬಂದರೂ ಇಳಿಯಲಿಲ್ಲ.

ಮರುದಿನ ಮುಂಜಾನೆ ನಾಗರತ್ನಾ ಹಸಿರು ಇಳಕಲ್ ಉಟ್ಟು ಮಣೆಯ ಮೇಲೆ ಕುಳಿತಳು. ಪಕ್ಕದ ಮನೆಯ ಒರಿಯಾ ಹೆಂಗಸರು ಸುತ್ತ ಕುಳಿತು, ಏನು ಮಾಡುತ್ತಾರೋ ಎಂದು ಕಣ್ಣರಳಿಸಿದ್ದರು. ಬಳೆ ತೊಡಿಸಿದ್ದಾಯಿತು, ಒಂದೂ ಒಡೆಯಲಿಲ್ಲ. ಆಮೇಲೆ ಶಿವಕಾಂತಮ್ಮ ಸೆರಗಿನ ಗಂಟಿಗೆ ಕೈ ಹಚ್ಚಿದವಳು ಹಾಗೇ ನಿಂತಳು.

"ನಾಗೂ, ಉಡಿ ಪೂರಾ ತರಲಿಕ್ಕೆ ಆಗಲಿಲ್ಲವಾ. ಕೊಬ್ಬರಿ ತಡದ್ರು."

"ಗೊತ್ತವ್ವಾ," ಎಂದು ನಾಗರತ್ನಾ ನಕ್ಕಳು. "ಏನ್ರಿ, ಅದನ್ನ ತರ್ರಿ."

ಉದಯಕುಮಾರ ದೇವರ ಕೋಣೆಯಿಂದ ಒಂದು ತಟ್ಟೆ ತಂದ. ತಟ್ಟೆಯಲ್ಲಿ ಐದು ಕೊಬ್ಬರಿ ಬಟ್ಟಲು, ಅರಿಷಿಣ ಹಚ್ಚಿ, ಕೆಂಪು ದಾರ ಸುತ್ತಿದ್ದವು. ಕೆಳಗೆ ಹಾಸಿದ ಕಾಗದದ ಮೇಲೆ ಚಿತ್ತಾಪುರದ ರಮೇಶಕುಮಾರನ ಅಂಗಡಿಯ ಹೆಸರಿತ್ತು.

"ಜಗದೇವಿ ವೈನಿ ಕಳಿಸ್ಯಾಳ. ದಸ್ತಗೀರ ಎಂಟು ದಿನದ ಹಿಂದೇ ಸ್ಟೇಷನ್ನಿನಾಗ ಇವರ ಕೈಯಾಗ ಕೊಟ್ಟ. 'ಅತ್ತಿಗಿ ಈಗ ಹೇಳಬ್ಯಾಡ, ಅವರೇ ಉಡಿ ತರ್ಲಿಕತ್ತಾರ, ಅವರ ಮನಸ್ಸು ಮುರೀಬಾರ್ದು. ಅಲ್ಲಿ ತಡದ್ರ ಇದು ಇರಲಿ' ಅಂತ ಫೋನಿನಾಗ ಹೇಳಿದ್ಲು."

"ಮತ್ತೇನಂದ್ಲು?"

ನಾಗರತ್ನಾ ಕೈಯ ಬಳೆ ತಿರುವಿದಳು. "'ನನಗಂತೂ ಉಡಿ ತುಂಬಲಿಕ್ಕೆ ಅವ್ವ ಇಲ್ಲ, ನಿನ್ನ ಉಡಿಯಾದ್ರೂ ಪೂರಾ ಆಗಲಿ' ಅಂದ್ಲವ್ವಾ."

ಶಿವಕಾಂತಮ್ಮ ಎಲ್ಲರ ಎದುರಿಗೇ ಅತ್ತಳು. ತವರಿನ ಉಡಿ ಬೆಲೆ ನಿನಗೇನು ಗೊತ್ತು ಎಂದು ಯಾರಿಗೆ ಅಂದಿದ್ದಳೋ ಅವಳೇ ಆ ಬೆಲೆ ಎಲ್ಲರಿಗಿಂತ ಚೆನ್ನಾಗಿ ತಿಳಿದವಳಾಗಿದ್ದಳು. ಒರಿಯಾ ಹೆಂಗಸರು ಇದೂ ಶಾಸ್ತ್ರದ ಒಂದು ಭಾಗವಿರಬೇಕೆಂದು ತಿಳಿದು ಗೌರವದಿಂದ ಸುಮ್ಮನೆ ಕುಳಿತರು. ಅಳು ಮುಗಿದ ಮೇಲೆ ಅಕ್ಕಿಯ ಮೇಲೆ ಐದೂ ಕೊಬ್ಬರಿ ಇಟ್ಟು ಮಗಳ ಮಡಿಲಿಗೆ ಸುರಿದಳು. ಒಂದು ಕಾಳೂ ನೆಲಕ್ಕೆ ಬೀಳಲಿಲ್ಲ.

ಮಧ್ಯಾಹ್ನ ಶೇಂಗಾ ಹೋಳಿಗೆ ತಿನ್ನುತ್ತ ಉದಯಕುಮಾರ ಸಹಜವಾಗಿ ಅಂದ: "ಅತ್ತಿ, ದೊಡ್ಡ ಬ್ಯಾಗ್ ಬೇಕಂತ ಒಂದು ಮಾತು ಹೇಳಿದ್ರ ಸೇರಸ್ತಿದ್ದೆನಲ್ರಿ. ನೀವು ಬರೇ ಕೈಲೇ ಬರ್ತೀರಿ ಅಂತ ತಿಳದಿದ್ದೆ."

ಮೂರು ವಾರದ ಜಗಳವೆಲ್ಲ ಕಣ್ಮುಂದೆ ಬಂದು ಶಿವಕಾಂತಮ್ಮ ಹೋ ಎಂದು ನಕ್ಕಳು. "ಇರಲಿ ಬಿಡಪ್ಪಾ. ನನಗ ಹಗೂರ ಹೋಗೂದು ಕಲಿಬೇಕಿತ್ತು."

ಕಲಿತದ್ದು ಎಷ್ಟೆಂಬುದು ಹದಿನೆಂಟು ದಿನದ ಮೇಲೆ ವಾಡಿ ಸ್ಟೇಷನ್ನಿನಲ್ಲಿ ತಿಳಿಯಿತು. ವಾಪಸ್ ವಿಮಾನ ಬೇಡವೇ ಬೇಡ ಎಂದು ಹಟ ಹಿಡಿದು ರೈಲಿನಲ್ಲಿ ಬಂದಳು. ಇಳಿಸಿಕೊಳ್ಳಲು ಹೋದ ಶಾಂತಕುಮಾರ ಗಂಟು ಎಣಿಸಿದ, ಒಂಬತ್ತು. ಒಂದು ಗಂಟಂತೂ ಎರಡು ಕೈಗೂ ಏಳಲಿಲ್ಲ. "ಅವ್ವಾ, ಇದಕ್ಕ ಲಾರಿ ಕಾಟಾನೇ ಬೇಕು" ಎಂದ.

ಮನೆ ಮುಟ್ಟಿದಾಗ ಸಂಜೆ ಐದು. ಜಗದೇವಿ ಕಾಲಿಗೆ ನೀರು ತಂದಳು. ಶಿವಕಾಂತಮ್ಮ ಕಾಲು ತೊಳೆದುಕೊಂಡವಳು ಚಹಾ ಕೇಳಲಿಲ್ಲ.

"ಮಣಿ ತಂದು ಹಾಕು. ಕುಂದ್ರು."

"ಯಾರ್ರಿ?"

"ನೀನೇ, ಇನ್ಯಾರು? ಪಡಸಾಲ್ಯಾಗ, ಮೂಡಕ್ಕ ಮುಖ ಮಾಡಿ ಕುಂದ್ರು."

ಜಗದೇವಿ ಗಂಡನ ಮುಖ ನೋಡಿದಳು, ಮಾವನ ಮುಖ ನೋಡಿದಳು. ಯಾರಿಗೂ ಏನೂ ತಿಳಿದಿರಲಿಲ್ಲ. ಕುಳಿತಳು. ಶಿವಕಾಂತಮ್ಮ ಅವಳ ಹಣೆಗೆ ಕುಂಕುಮ ಹಚ್ಚಿ, ಹೆಗಲ ಮೇಲೆ ಹೊಸ ಸೀರೆ ಇಟ್ಟು, ಎಲ್ಲಕ್ಕಿಂತ ಭಾರದ ಆ ಗಂಟನ್ನು ಬಿಚ್ಚಿದಳು.

"ಅವತ್ತು ನನ್ನ ನಾಲಿಗಿ ಉದ್ದಾತು, ಜಗದೇವಿ. ತಪ್ಪಾತು ನಂದು. ತೆಂಗಳಿಯವ್ರು ಕರದಾರು, ಬಿಟ್ಟಾರು. ಇನ್ನ ಮುಂದ ನಿನ್ನ ತವರಿನ ಉಡಿ ನಂದು. ಸೆರಗು ಹಿಡಿ."

ಜಗದೇವಿ ಸೆರಗು ಹಿಡಿದಳು. ಶಿವಕಾಂತಮ್ಮ ಬೊಗಸೆ ಬೊಗಸೆ ಅಕ್ಕಿ ಹಾಕಿದಳು. ಅರಿಷಿಣದ ಬೇರು, ಅಡಿಕೆ, ಉತ್ತತ್ತಿ ಹಾಕಿದಳು. ಆಮೇಲೆ ಕೊಬ್ಬರಿ. ಐದಾಯಿತು, ಒಂಬತ್ತಾಯಿತು, ಹನ್ನೊಂದಾಯಿತು.

"ಏ ಶಾಂತ್ಯಾ," ಎಂದ ಸಾಯಬಣ್ಣ, ತನ್ನ ಕಣ್ಣೂ ಒದ್ದೆಯಾದದ್ದನ್ನು ಮರೆಸಲು, "ರಮೇಶಕುಮಾರನ ಕಾಟಾ ತಗೊಂಡ್ ಬಾರೋ."

"ಈ ಮನ್ಯಾಗ ಇನ್ನ ಕಾಟಾದ ಹೆಸರು ಎತ್ತಿದ್ರ ನೋಡ್ರಿ!" ಎಂದು ಶಿವಕಾಂತಮ್ಮ ಹನ್ನೆರಡನೆಯದನ್ನು ಹಾಕಿದಳು.

"ಅತ್ತಿ, ಸಾಕ್ರಿ," ಜಗದೇವಿ ಅಳುತ್ತ ನಗುತ್ತ ಎರಡೂ ಕೈಯಿಂದ ಸೆರಗನ್ನು ಎತ್ತಿ ಹಿಡಿದಳು. "ಭಾಳ ಭಾರ ಆಗ್ಲಿಕತ್ತದರಿ."

"ಆಗಲಿ. ಹೊತ್ಕೊಂಡು ಒಳಗ ನಡಿ. ಇಲ್ಲಿ ನಿನ್ನ ಯಾರೂ ತಡಿಯಂಗಿಲ್ಲ."